ಬೆಟ್ಟದ ಹೂವು, ಬಕೆಟ್ಟಿನ ಮಣ್ಣು

ಬಳ್ಳಾರಿಯಲ್ಲಿ ಹೂದೋಟದ ಮಾತೆತ್ತಿದರೆ ಮೊದಲು ನಗುವವರು ಬಳ್ಳಾರಿಯವರೇ. ಇಲ್ಲಿರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂಬ ಹಳೆಯ ಚಟಾಕಿಯನ್ನು ಹೊರಗಿನವರು ಬಾಯಿ ತೆರೆಯುವ ಮೊದಲೇ ನಾವೇ ಹೇಳಿ ಮುಗಿಸಿರುತ್ತೇವೆ. ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿಲಿಮೀಟರ್. ಅದರಲ್ಲೂ ದೊಡ್ಡ ಪಾಲು ಹುಬ್ಬ, ಉತ್ತರ, ಹಸ್ತ ಎಂದು ತಡಮಾಡಿಕೊಂಡೇ ಬರುತ್ತದೆ. ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟಿದರೆ ಅದು ಸುದ್ದಿಯೇ ಅಲ್ಲ. ಊರ ನಡುವಿನ ಬಂಡೆಗುಡ್ಡ ಹಗಲೆಲ್ಲ ಕಾದು, ಆ ಕಾವನ್ನು ರಾತ್ರಿಯೆಲ್ಲ ಕೂತು ನಮಗೆ ಹಂಚುತ್ತದೆ. ಇಂಥ ಊರಿನ ಕೌಲ್ ಬಜಾರಿನಲ್ಲಿ ಕೂತು ಕಾಡುಹೂವನ್ನು ಮನೆಯಲ್ಲಿ ಬೆಳೆಸುವ ವಿಚಾರ ಹರಟಲು ಹೊರಟಿದ್ದೇನೆ. ನಗುವವರು ಈಗಲೇ ನಕ್ಕುಬಿಡಿ, ಮುಂದೆ ಓದಲು ಅನುಕೂಲ.

ಕೌಲ್ ಬಜಾರು ಬ್ರಿಟಿಷರ ದಂಡಿನ ಬೆನ್ನಿಗೆ ಬೆಳೆದ ಪೇಟೆ. ದಂಡು ಹೋಯಿತು, ಹೊಲಿಗೆ ಉಳಿಯಿತು. ಅಂದು ಸಿಪಾಯಿಗಳ ಬಟ್ಟೆ, ಇಂದು ಜೀನ್ಸ್ ಪ್ಯಾಂಟು. ಓಣಿಗೆ ಕಾಲಿಟ್ಟರೆ ಮೊದಲು ಕೇಳುವುದು ಹೊಲಿಗೆ ಮಿಷನ್ನಿನ ಸದ್ದು, ಮೊದಲು ಕಾಲಿಗೆ ಸುತ್ತಿಕೊಳ್ಳುವುದು ಕಿತ್ತಳೆ ಬಣ್ಣದ ದಪ್ಪ ದಾರ. ಮನೆಗೆ ಮನೆ ಗೋಡೆ ಹಂಚಿಕೊಂಡಿರುವುದರಿಂದ ಹಿತ್ತಲೆಂಬುದು ಬಹುತೇಕರಿಗೆ ಅಜ್ಜಿಯ ಕಾಲದ ಮಾತು. ಈಗ ತೋಟವೆಂದರೆ ಮಾಳಿಗೆ, ಪಾತಿಯೆಂದರೆ ಬಣ್ಣದ ಡಬ್ಬಿ, ಎಣ್ಣೆ ಟಿನ್ನು, ಹಿಡಿಕೆ ಮುರಿದ ಬಕೆಟ್ಟು. ನೀರೆಂದರೆ ನಲ್ಲಿ ಬಂದ ದಿನ ತುಂಬಿಟ್ಟ ಡ್ರಮ್ಮು, ಅದು ಮುಗಿದರೆ ಎಲೆಯ ಮೇಲೆ ಬಿಳಿ ಕಲೆ ಬಿಡುವ ಬೋರಿನ ನೀರು. ಇಷ್ಟರಲ್ಲೇ ನಮ್ಮ ಜನ ಗುಲಾಬಿ, ದಾಸವಾಳ, ಕ್ರೋಟನ್ನು, ಮನಿ ಪ್ಲಾಂಟು ಎಲ್ಲ ಬೆಳೆಯುತ್ತಾರೆ. ಗುಲಾಬಿ ನರ್ಸರಿಯ ಗಾಡಿಯಿಂದ ಇಳಿಯುವಾಗ ಹತ್ತು ಮೊಗ್ಗು ಹೊತ್ತಿರುತ್ತದೆ, ಆಮೇಲೆ ಸಾಯುವ ತನಕ ಮುಳ್ಳನ್ನಷ್ಟೇ ಬಿಡುತ್ತದೆ. ಹೊಸದಾಗಿ ಮತ್ತೊಂದು ತರುತ್ತೇವೆ. ನರ್ಸರಿಯವರೂ ಬದುಕಬೇಕಲ್ಲ.

ಈ ಗುಲಾಬಿಯ ಸಾಲುಸಾವಿನಿಂದ ಬೇಸತ್ತವರು ನಮ್ಮ ಓಣಿಯ ಮೇಷ್ಟ್ರು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದವರು. ಒಂದು ದಿನ ಅವರಿಗೆ ಹೊಳೆಯಿತು: ನಮ್ಮ ಜಿಲ್ಲೆಯದೇ ಬೆಟ್ಟಗಳಲ್ಲಿ, ಯಾರೂ ನೀರು ಹಾಕದೆ, ಯಾರೂ ಗೊಬ್ಬರ ಹಾಕದೆ ಹೂ ಬಿಡುವ ಗಿಡಗಳಿವೆ. ಅವಕ್ಕೆ ಇಲ್ಲಿನ ಬಿಸಿಲು ಹೊಸದಲ್ಲ, ಇಲ್ಲಿನ ಬರ ಹೊಸದಲ್ಲ. ಅವನ್ನೇ ತಂದು ನೆಟ್ಟರೆ? ತರ್ಕ ಸರಿಯಾಗಿಯೇ ಇತ್ತು. ತರ್ಕ ಸರಿಯಾಗಿದ್ದಾಗಲೇ ಮನುಷ್ಯ ಹೆಚ್ಚು ತೊಂದರೆಗೆ ಬೀಳುತ್ತಾನೆ ಎಂಬುದು ನನ್ನ ಅನುಮಾನ.

ಕಾಡಿನ ಗಿಡ ಕಿತ್ತು ಮನೆಗೆ ತರುವ ಚಟ ನಮ್ಮಲ್ಲಿ ಪುರಾಣದಷ್ಟು ಹಳೆಯದು. ಕೃಷ್ಣ ಇಂದ್ರನ ತೋಟದಿಂದ ಪಾರಿಜಾತ ಕಿತ್ತು ತಂದ. ಪರ್ಮಿಟ್ಟಿಲ್ಲ, ಪರವಾನಗಿ ಇಲ್ಲ. ನೆಟ್ಟದ್ದು ಸತ್ಯಭಾಮೆಯ ಅಂಗಳದಲ್ಲಿ, ಹೂ ಉದುರಿದ್ದು ರುಕ್ಮಿಣಿಯ ಅಂಗಳದಲ್ಲಿ. ಇಷ್ಟು ಸಣ್ಣ ವಿಷಯಕ್ಕೆ ಕುಲಗೋಡ ತಮ್ಮಣ್ಣ ಕಟ್ಟಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ಉತ್ತರ ಕರ್ನಾಟಕ ರಾತ್ರಿಯಿಡೀ ಕೂತು ನೋಡಿದೆ. ಆದರೆ ಗಿಡ ಸಾಗಿಸುವ ವಿದ್ಯೆಯಲ್ಲಿ ಕೃಷ್ಣನಿಗಿಂತ ಹನುಮಂತನೇ ಜಾಣ. ಸಂಜೀವಿನಿಯನ್ನು ಬೇರು ಸಮೇತ ಕೀಳುವ ಗೋಜಿಗೆ ಹೋಗದೆ ಬೆಟ್ಟವನ್ನೇ ಎತ್ತಿಕೊಂಡು ಬಂದ. ಗಿಡ ಗುರುತು ಸಿಗದೆ ಹಾಗೆ ಮಾಡಿದ ಎಂದು ಕತೆ ಹೇಳುತ್ತದೆ. ಸಸ್ಯಶಾಸ್ತ್ರದವರನ್ನು ಕೇಳಿದರೆ ಅದಕ್ಕಿಂತ ಒಳ್ಳೆಯ ಕ್ರಮವೇ ಇಲ್ಲ ಎಂದಾರು. ಕಾಡಿನ ಎಷ್ಟೋ ಗಿಡಗಳ ಬೇರಿಗೆ ಮಣ್ಣಿನ ಶಿಲೀಂಧ್ರಗಳ ಜೊತೆ ಲೇವಾದೇವಿ ಇರುತ್ತದೆ. ಗಿಡ ಸಕ್ಕರೆ ಕೊಡುತ್ತದೆ, ಶಿಲೀಂಧ್ರ ದೂರದ ನೀರು, ರಂಜಕ ಎಳೆದು ತಂದು ಕೊಡುತ್ತದೆ. ಆರ್ಕಿಡ್ಡಿನ ಬೀಜವಂತೂ ಧೂಳಿನಷ್ಟು ಸಣ್ಣದು, ಒಳಗೆ ತಿನ್ನಲು ಬುತ್ತಿಯೇ ಇಲ್ಲ. ತಕ್ಕ ಶಿಲೀಂಧ್ರ ಸಿಕ್ಕರೆ ಮಾತ್ರ ಕಾಡಿನಲ್ಲಿ ಅದು ಮೊಳೆತೀತು. ಗಿಡವೊಂದನ್ನೇ ಕಿತ್ತರೆ ಈ ಇಡೀ ಸಂಸಾರ ಹಿಂದೆ ಉಳಿಯುತ್ತದೆ.

ಹನುಮಂತನ ನಂತರ ಬೆಟ್ಟ ಎತ್ತಿಕೊಂಡು ಹೋದವರು ನಮ್ಮ ಜಿಲ್ಲೆಯವರೇ ಎಂಬುದು ಬೇರೆ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟ್ರ ಕಣ್ಣು ಬಿದ್ದದ್ದು ಸಂಡೂರಿನ ಕಡೆ. ನಮ್ಮಲ್ಲಿಂದ 50 ಕಿಲೋಮೀಟರ್ ಆಸುಪಾಸು. ಬಯಲಿನ ಎರೆಮಣ್ಣು ಮುಗಿದು ಕೆಂಪು ಬೆಟ್ಟ ಏಳುತ್ತಿದ್ದ ಹಾಗೆ ಇದು ಬಳ್ಳಾರಿಯೇ ಹೌದೇ ಎನಿಸುವ ಊರು. ರಾಮನದುರ್ಗದ ಬೆಟ್ಟ 3,000 ಅಡಿಗೂ ಎತ್ತರ. ಬಳ್ಳಾರಿಯ ಸೆಕೆ ತಾಳದ ಬಿಳಿ ಸಿಪಾಯಿಗಳನ್ನು ಒಂದು ಕಾಲದಲ್ಲಿ ಸುಧಾರಿಸಿಕೊಳ್ಳಲು ಅಲ್ಲಿಗೆ ಕಳಿಸುತ್ತಿದ್ದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು ಎಂದು ಗಾಂಧೀಜಿ ಹೇಳಿದ್ದರೆಂಬ ಮಾತು ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಅವರು 1934ರಲ್ಲಿ ಬಂದಿದ್ದರು. ಸೆಪ್ಟೆಂಬರಿನಲ್ಲಿ ಆ ಬೆಟ್ಟಗಳನ್ನು ನೋಡಿದವರಿಗೆ ಆ ಮಾತು ಯಾರದಾದರೇನು ಎನಿಸುತ್ತದೆ. ಕುಮಾರಸ್ವಾಮಿ ಗುಡಿಯ ದಾರಿಯಲ್ಲಿ ಬೇಲಿಬೇಲಿಗೂ ಗೌರಿಹೂವಿನ ಬಳ್ಳಿ.

ಗೌರಿಹೂವನ್ನು ನೀವು ನೋಡಿರುತ್ತೀರಿ. ಗೌರಿ ಹಬ್ಬದ ಆಸುಪಾಸು ಅರಳುವುದರಿಂದ ಆ ಹೆಸರು. ಅಗ್ನಿಶಿಖೆ ಎಂದರೂ ಅದೇ. ಆರು ದಳ, ಅಂಚು ನೆರಿಗೆ ಹಿಡಿದಂತೆ, ಎಲ್ಲವೂ ಮೇಲಕ್ಕೆ ತಿರುಚಿಕೊಂಡು ನಿಂತಿರುತ್ತವೆ. ಬುಡ ಹಳದಿ, ತುದಿ ಕೆಂಪು. ದಿನ ಕಳೆದ ಹಾಗೆ ಕೆಂಪು ಕೆಳಗಿಳಿದು ಇಡೀ ಹೂವು ಕೆಂಪಾಗುತ್ತದೆ. ಬಳ್ಳಿಗೆ ಬೇರೆ ಕುಡಿಬಳ್ಳಿ ಬೇಡ; ಎಲೆಯ ತುದಿಯೇ ಸುರುಳಿಯಾಗಿ ಪಕ್ಕದ ಕಡ್ಡಿಯನ್ನು ಹಿಡಿದುಕೊಳ್ಳುತ್ತದೆ. ತಮಿಳುನಾಡಿನವರು ಇದನ್ನು ರಾಜ್ಯಪುಷ್ಪ ಮಾಡಿಕೊಂಡಿದ್ದಾರೆ. ಜಿಂಬಾಬ್ವೆ ದೇಶವೂ ಇದನ್ನೇ ತನ್ನ ಹೂವೆಂದು ಹೇಳಿಕೊಳ್ಳುತ್ತದೆ. ಮೇಷ್ಟ್ರು ಅದನ್ನು ನೋಡಿ ಅಲ್ಲೇ ನಿಂತರು, ಕೈಯಲ್ಲಿ ಕುಡುಗೋಲೂ ಇತ್ತು.

ಪಕ್ಕದ ತಾಂಡಾದ ಲಂಬಾಣಿ ಅಜ್ಜಿಯೊಬ್ಬಳು ಸೀತಾಫಲದ ಬುಟ್ಟಿ ಇಳಿಸಿ ಕೂತಿದ್ದವಳು ಕೇಳಿದಳಂತೆ, "ಯಾಕಪ್ಪಾ, ಅದನ್ನ ಮನಿಗೆ ಒಯ್ತೀಯೇನು? ಅದು ವಿಷದ ಗಡ್ಡಿ ನೋಡು."

ಅಜ್ಜಿಯ ಮಾತು ಸುಳ್ಳಲ್ಲ. ಆ ಗಡ್ಡೆ, ಬೀಜ ಎಲ್ಲದರಲ್ಲೂ ಕೊಲ್ಚಿಸಿನ್ ಎಂಬ ಆಲ್ಕಲಾಯ್ಡ್ ಇದೆ. ತಿನ್ನುವ ಗೆಣಸೆಂದು ಬಗೆದು ತಿಂದವರು ಸತ್ತದ್ದುಂಟು. ಅದೇ ಕೊಲ್ಚಿಸಿನ್ ಹದವಾದ ಪ್ರಮಾಣದಲ್ಲಿ ಗೌಟ್ ಎಂಬ ಕೀಲುಬೇನೆಗೆ ಮದ್ದು. ಸಸ್ಯತಳಿ ಬೆಳೆಸುವವರು ಗಿಡಗಳ ವರ್ಣತಂತುಗಳನ್ನು ಇಮ್ಮಡಿ ಮಾಡಲು ಬಳಸುವುದೂ ಅದನ್ನೇ. ಹಾಗಾಗಿ ತಮಿಳುನಾಡಿನ ಧಾರಾಪುರ, ಒಡ್ಡನ್‌ಛತ್ರದ ಕಡೆ ಇದು ಬೇಲಿಯ ಹೂವಾಗಿ ಉಳಿಯಲಿಲ್ಲ, ಹೊಲದ ಬೆಳೆಯಾಯಿತು. ತಂತಿ ಕಟ್ಟಿ ಬಳ್ಳಿ ಹಬ್ಬಿಸಿ, ಬೆಳಗ್ಗೆ ಕೂಲಿಯವರು ಹೂವಿಂದ ಹೂವಿಗೆ ಕೈಯಾರೆ ಪರಾಗ ಮುಟ್ಟಿಸಿ, ಬೀಜವನ್ನು ಹೊರದೇಶಕ್ಕೆ ಮಾರುತ್ತಾರೆ. ಅಷ್ಟೂ ಹೊಲಗಳಿಗೆ ಮೊದಲ ಗಡ್ಡೆಗಳು ಬಂದದ್ದು ಕಾಡಿನಿಂದಲೇ. ಕಾಡುಹೂವನ್ನು ತಂದು ನೆಡುವುದು ಮೇಷ್ಟ್ರ ಹುಚ್ಚು ಮಾತ್ರವಲ್ಲ ಎಂಬುದಕ್ಕೆ ಈ ಸಾಕ್ಷಿ ಸಾಕು. ಜೊತೆಗೆ, ಹೊಲ ಹೆಚ್ಚಿದಂತೆ ಕಾಡಿನ ಬಳ್ಳಿ ಕಡಿಮೆಯಾಯಿತು ಎಂಬುದನ್ನೂ ಸೇರಿಸಿಕೊಳ್ಳಬೇಕು.

ಗಡ್ಡೆ ನೇಗಿಲಿನ ಆಕಾರದಲ್ಲಿ ಬಾಗಿರುತ್ತದೆ, ಬಳಪದಷ್ಟು ಪೆಳಸು. ಮೊಳಕೆ ಇರುವುದು ತುದಿಯಲ್ಲಿ ಮಾತ್ರ. ತುದಿ ಮುರಿಯಿತೋ, ಉಳಿದದ್ದನ್ನು ಹೂತರೂ ಅಷ್ಟೇ, ಬಿಟ್ಟರೂ ಅಷ್ಟೇ. ಸೆಪ್ಟೆಂಬರಿನಲ್ಲಿ, ಹೂ ತುಂಬಿದ ಬಳ್ಳಿಯ ಬುಡ ಅಗೆದರೆ ಹೊಸ ಗಡ್ಡೆ ಇನ್ನೂ ಬಲಿತಿರುವುದಿಲ್ಲ, ಹಳೆಯದು ಸೊರಗಿರುತ್ತದೆ. ಬಳ್ಳಿ ಒಣಗಿ, ಗಡ್ಡೆ ನೆಲದೊಳಗೆ ನಿದ್ದೆಹೋದ ಮೇಲೆ, ಅಂದರೆ ಚಳಿಗಾಲ ಕಳೆದು ಬೇಸಿಗೆಯಲ್ಲಿ, ತೆಗೆಯಬೇಕು. ಆಗ ಬೇಲಿಯಲ್ಲಿ ಬಳ್ಳಿಯ ಗುರುತೇ ಇರುವುದಿಲ್ಲ. ಕಾಡುಹೂವಿನ ವ್ಯವಹಾರದ ತಿರುಳೆಲ್ಲ ಇಲ್ಲೇ ಇದೆ ಎನಿಸುತ್ತದೆ ನನಗೆ. ಕಣ್ಣಿಗೆ ಬಿದ್ದಾಗ ಕೀಳಬಾರದು. ಕೀಳಬಹುದಾದಾಗ ಕಣ್ಣಿಗೆ ಬೀಳುವುದಿಲ್ಲ. ಗಿಡಮೂಲಿಕೆಯ ಪಂಡಿತರು ಬೇರು ಕೀಳುವ ಹಿಂದಿನ ದಿನ ಹೋಗಿ ಅರಿಶಿಣದ ದಾರ ಕಟ್ಟಿ, ನಾಳೆ ಬರುತ್ತೇನೆಂದು ಗಿಡಕ್ಕೆ ಹೇಳಿ ಬರುತ್ತಾರೆ. ಮೇಷ್ಟ್ರು ಅದನ್ನೇ ಕೌಲ್ ಬಜಾರಿಗೆ ಒಗ್ಗಿಸಿಕೊಂಡರು. ಸಂಡೂರಿನ ಹತ್ತಿರ ಹೊಲ ಮಾಡಿಕೊಂಡಿದ್ದ ಹಳೆಯ ಶಿಷ್ಯನೊಬ್ಬನ ಬದುವಿನಲ್ಲಿ, ಹೂವಿದ್ದ ಬಳ್ಳಿಯ ಬುಡದ ಕಲ್ಲಿಗೆ ಜೀನ್ಸಿನ ಕಿತ್ತಳೆ ದಾರ ಸುತ್ತಿ ಬಂದರು. ಮೇ ತಿಂಗಳಲ್ಲಿ ಹೋದರೆ ದಾರ ಹಾಗೇ ಇತ್ತು. ಬಣ್ಣ ಕೂಡ ಮಾಸಿರಲಿಲ್ಲ. ನಮ್ಮ ಓಣಿಯ ದಾರಕ್ಕೆ ಇಷ್ಟು ಒಳ್ಳೆಯ ಜಾಹೀರಾತು ಇನ್ನೊಂದಿಲ್ಲ.

ಆ ಗಡ್ಡೆ ಬದುಕಿತು. ಮೃಗಶಿರ ಮಳೆಗೆ ಬಣ್ಣದ ಡಬ್ಬಿಯಿಂದ ತಲೆ ಹಾಕಿ, ಮಾಳಿಗೆಯ ಟಿವಿ ಆಂಟೆನಾ ಕಂಬ ಹಿಡಿದು ಮೇಲೇರಿತು. ಶಿಷ್ಯನ ಬದುವಿನ ಮಣ್ಣನ್ನೂ ಒಂದು ಚೀಲ ತಂದಿದ್ದರಿಂದ ಬದುಕಿತು ಎಂದು ಮೇಷ್ಟ್ರು ಹೇಳುತ್ತಾರೆ. ನೀರು ಹಾಕುವುದನ್ನು ಮರೆತಿದ್ದರಿಂದ ಬದುಕಿತು ಎಂದು ಅವರ ಮನೆಯವರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಹುರುಳಿದೆ. ಕಲ್ಲುನೆಲದ ಗಿಡಕ್ಕೆ ಸಗಣಿಗೊಬ್ಬರ ತುಂಬಿದ ಕಪ್ಪುಮಣ್ಣು ಕೊಟ್ಟು ದಿನಾ ನೀರೆರೆದರೆ ಬೇರು ಕೊಳೆಯುತ್ತದೆ. ಅದಕ್ಕೆ ಬೇಕಾದದ್ದು ಮಸಾರಿ ಮಣ್ಣು, ಹರಳು, ಮತ್ತು ನಮ್ಮ ಉದಾಸೀನ. ಮೂರನೆಯದು ನಮ್ಮಲ್ಲಿ ಧಾರಾಳವಾಗಿದೆ.

ಗೆದ್ದವನು ಸುಮ್ಮನೆ ಕೂರುವುದಿಲ್ಲ. ಗ್ಯಾಂಬಲ್ ಎಂಬ ಅರಣ್ಯಾಧಿಕಾರಿ ಬರೆದ ಮದ್ರಾಸ್ ಪ್ರೆಸಿಡೆನ್ಸಿಯ ಸಸ್ಯಸಂಪುಟಗಳ ಹಳೆಯ ಪ್ರತಿಯೊಂದು ಎಲ್ಲೋ ಸಿಕ್ಕಿತ್ತು ಮೇಷ್ಟ್ರಿಗೆ. 1915ರಿಂದ 1936ರ ತನಕ ಕಂತುಕಂತಾಗಿ ಬಂದ ಪುಸ್ತಕ. ಗ್ಯಾಂಬಲ್ ಸತ್ತ ಮೇಲೆ ಫಿಷರ್ ಎಂಬವರು ಮುಗಿಸಿದರು. ಮೈಸೂರು ಸೀಮೆಯ ಹೂವಿನ ಪಟ್ಟಿಯಲ್ಲಿ ನಮ್ಮನ್ನು ಹುಡುಕಬೇಡಿ. 1953ರ ಅಕ್ಟೋಬರ್ 1ರ ತನಕ ನಾವು ಮದ್ರಾಸಿಗೆ ಸೇರಿದವರು, ನಮ್ಮ ಮುಳ್ಳುಕಂಟಿಗಳೂ ಅಷ್ಟೇ. ಆ ಪುಸ್ತಕ ತಿರುವುತ್ತ ಮೇಷ್ಟ್ರು ಕ್ಯಾರಲ್ಲೂಮ ಎಂಬಲ್ಲಿ ನಿಂತರು. ಎಲೆಯಿಲ್ಲದ, ನಾಲ್ಕು ಮೂಲೆಯ ಬೆರಳುದ್ದ ಕಾಂಡದ ಗಿಡ. ಬಂಡೆಗಳ ಸಂದಿನಲ್ಲಿ, ಪೊದೆಗಳ ನೆರಳಲ್ಲಿ ಬೆಳೆಯುತ್ತದೆ. ಕಳ್ಳಿಯ ನೆಂಟನಂತೆ ಕಂಡರೂ ಎಕ್ಕದ ನೆಂಟ. ಒಂದು ತುಂಡು ಮುರಿದು ನೆಟ್ಟರೆ ಸಾಕು, ಬೇರು ಬಿಡುತ್ತದೆ. ಇಂಥ ಸಾಧುಗಿಡ ಬೇರೆ ಉಂಟೆ? ಅದೇ ಶಿಷ್ಯನ ಹೊಲದ ಬಂಡೆಯಡಿಯಿಂದ ಒಂದು ತುಂಡು ಮೇಷ್ಟ್ರ ಮಾಳಿಗೆಗೆ ಬಂತು. ಮಳೆಗಾಲ ಕಳೆಯುವ ಹೊತ್ತಿಗೆ ತುದಿಯಲ್ಲಿ ಕಪ್ಪುಗೆಂಪಿನ, ನಕ್ಷತ್ರದಾಕಾರದ ಹೂಗುಚ್ಛ. ಮೇಷ್ಟ್ರು ಓಣಿಯ ಮಕ್ಕಳನ್ನೆಲ್ಲ ಕರೆದು ತೋರಿಸಿದರು.

ಮರುದಿನ ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮಾಳಿಗೆಯಿಂದ ಹೊಲಿಗೆಯ ಚಾಚಾ ಕೂಗಿದರು, "ಏನ್ರೀ ಮೇಷ್ಟ್ರೇ, ನಿಮ್ ಮಾಳಿಗಿ ಮ್ಯಾಲೆ ಇಲಿ ಸತ್ತೈತೇನ್ರೀ?"

ಮೂರು ಮನೆಯ ಅಟ್ಟ, ನೀರಿನ ಟ್ಯಾಂಕು, ಮೋರಿ ಎಲ್ಲ ಹುಡುಕಾಯಿತು. ಇಲಿ ಸಿಗಲಿಲ್ಲ. ಸಿಗುವುದು ಹೇಗೆ? ಆ ಹೂವಿನ ವಾಸನೆಯೇ ಅದು. ಅದರ ಪರಾಗ ಹೊರುವುದು ದುಂಬಿಯಲ್ಲ, ನೊಣ. ನೊಣವನ್ನು ಕರೆಯಲು ಮಲ್ಲಿಗೆಯ ಘಮ ಯಾರಿಗೆ ಬೇಕು? ಕೊಳೆತ ಮಾಂಸದ ವಾಸನೆ ಬಿಟ್ಟರೆ ಊರ ನೊಣವೆಲ್ಲ ಹಾಜರು. ಕಾಡಿನ ಹೂವು ಅರಳುವುದು ನಮ್ಮ ಮೂಗಿಗಲ್ಲ ಎಂಬ ಸಂಗತಿಯನ್ನು ನಮ್ಮ ಓಣಿಯಷ್ಟು ಸ್ಪಷ್ಟವಾಗಿ ಯಾವ ಓಣಿಯೂ ಕಲಿತಿರಲಾರದು. ಚಾಚಾ ಮಾತ್ರ ದೊಡ್ಡ ಮನಸ್ಸಿನವರು. ಹೂ ಬಿಡುವ ವಾರ ಡಬ್ಬಿಯನ್ನು ರಸ್ತೆಯ ಕಡೆಯ ಮೂಲೆಗೆ ಸರಿಸಿದರೆ ಸಾಕು ಎಂದು ರಾಜಿ ಮಾಡಿಕೊಂಡರು.

ಇಲ್ಲಿಯ ತನಕ ಎಲ್ಲ ಸರಸವಾಗಿಯೇ ನಡೆದಿತ್ತು. ಬಿಗಿ ಬಂದದ್ದು ನೀಲಕುರಿಂಜಿಯ ವಿಷಯದಲ್ಲಿ.

ನೀಲಕುರಿಂಜಿ ಎಂದರೆ ಎಲ್ಲರ ತಲೆಗೂ ಮುನ್ನಾರು, ಕೊಡಗು ಬರುತ್ತದೆ. 2022ರಲ್ಲಿ ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ಅರಳಿದಾಗ ನಮ್ಮೂರಿಂದಲೂ ಕಾರು ಮಾಡಿಕೊಂಡು ಹೋದವರಿದ್ದಾರೆ. ನಮ್ಮದೇ ಸಂಡೂರಿನ ಬೆಟ್ಟಗಳಲ್ಲೂ ಕುರಿಂಜಿ ಇದೆ ಎಂಬುದು ಅವರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ. 12 ವರ್ಷಕ್ಕೊಮ್ಮೆ, ಒಂದು ಬೆಟ್ಟದ ಗಿಡಗಳೆಲ್ಲ ಮಾತಾಡಿಕೊಂಡ ಹಾಗೆ ಒಟ್ಟಿಗೆ ಅರಳಿ, ಬೀಜ ಕಟ್ಟಿ, ಒಟ್ಟಿಗೇ ಸಾಯುತ್ತವೆ. ಗೌರಿಹೂವಿನಲ್ಲಿ ಕಂಡ ಅದೇ ಪೇಚು ಇಲ್ಲಿ ಇನ್ನೂ ಕ್ರೂರ. ಹೂ ನೋಡಿ ಮರುಳಾಗಿ ಗಿಡ ಕಿತ್ತವನ ಕೈಗೆ ಬರುವುದು ಸಾಯಲು ಹೊರಟ ಗಿಡ. ಎಳೆಯದನ್ನು ಕಿತ್ತು ತಂದವನು 12 ವರ್ಷ ಎಲೆ ನೋಡಿಕೊಂಡು ಕೂರಬೇಕು. ಮೇಷ್ಟ್ರು ತಮ್ಮ ವಯಸ್ಸಿಗೆ 12 ಕೂಡಿಸಿ ನೋಡಿದರು. ಲೆಕ್ಕ ಆಗಬಹುದು ಎನಿಸಿತಂತೆ.

ಬೆಟ್ಟ ಇಳಿಯುವ ದಾರಿಯಲ್ಲಿ ನಿಲ್ಲಿಸಿದವನು ಅರಣ್ಯ ಇಲಾಖೆಯ ಗಾರ್ಡ್. ಮೇಷ್ಟ್ರ ಶಿಷ್ಯರು ಎಲ್ಲ ಇಲಾಖೆಯಲ್ಲೂ ಇದ್ದಾರೆ, ಅವನೂ ಒಬ್ಬ. ಕಾಲಿಗೆ ನಮಸ್ಕಾರ ಮಾಡಿ, ಆಮೇಲೆ ಕೇಳಿದ, "ಸರ್, ಚೀಲದಾಗ ಏನೈತ್ರಿ?" ಚೀಲದಲ್ಲಿ ಖಾಲಿ ಡಬ್ಬಿ, ಕೈಗುದ್ದಲಿ. ಗಿಡ ಇನ್ನೂ ಬಂದಿರಲಿಲ್ಲ. ಇದು ಬರೀ ಜಾಗ ನೋಡುವ ಭೇಟಿ. ಹುಡುಗ ವಿನಯದಿಂದಲೇ ಪಾಠ ಹೇಳಿದ. ಮೀಸಲು ಅರಣ್ಯದಿಂದ ಸೊಪ್ಪು, ಕಲ್ಲು, ಗಿಡ ಯಾವುದನ್ನೂ ಅನುಮತಿ ಇಲ್ಲದೆ ಒಯ್ಯುವಂತಿಲ್ಲ, ಅದು 1963ರ ರಾಜ್ಯದ ಅರಣ್ಯ ಕಾಯ್ದೆ. ಮೇಲಾಗಿ ನೀಲಕುರಿಂಜಿಯನ್ನು 1972ರ ವನ್ಯಜೀವಿ ಕಾಯ್ದೆಗೆ 2022ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಮೂರನೇ ಪರಿಶಿಷ್ಟಕ್ಕೆ ಸೇರಿಸಿದ್ದಾರೆ. ಕಾಡಿನಿಂದ ಕೀಳುವುದಿರಲಿ, ಪರವಾನಗಿ ಇಲ್ಲದೆ ಬೆಳೆಸುವುದೂ ಅಪರಾಧ.

ಮೇಷ್ಟ್ರು ತಿರುಗಿ ಬೆಟ್ಟದ ಕಡೆ ಕೈ ತೋರಿಸಿದರು. ಅಲ್ಲಿ ಒಂದರ ಹಿಂದೊಂದು ಅದಿರಿನ ಲಾರಿ. "ಅಲ್ಲಪ್ಪಾ, ಅವರು ಬೆಟ್ಟಾನೇ ಒಯ್ಯಾಕತ್ತಾರ. ನಾನು ಒಂದು ಗಿಡ ಒಯ್ದರೆ ಕಳ್ಳ ಏನು?"

ಹುಡುಗ ನೆಲ ನೋಡಿದನಂತೆ. ಉತ್ತರ ಅವನ ಸಂಬಳದೊಳಗೆ ಇರಲಿಲ್ಲ.

ಈ ಪ್ರಶ್ನೆಯನ್ನು ಮೇಷ್ಟ್ರು ಆಮೇಲೆ ನಮ್ಮ ಚಹಾದಂಗಡಿಗೆ ತಂದರು, ಅದು ತಿಂಗಳುಗಟ್ಟಲೆ ಅಲ್ಲೇ ಉಳಿಯಿತು. ಚೀನಾಕ್ಕೆ ಉಕ್ಕಿನ ಹಸಿವು ಹತ್ತಿದ ವರ್ಷಗಳಲ್ಲಿ ಈ ಜಿಲ್ಲೆಯ ಬೆಟ್ಟಗಳು ಲಾರಿ ಹತ್ತಿ ಬೇಲೆಕೇರಿಗೆ, ಕೃಷ್ಣಪಟ್ಟಣಕ್ಕೆ ಹೋದದ್ದನ್ನು ಕಣ್ಣಾರೆ ಕಂಡವರು ನಾವು. ರಸ್ತೆ ಬದಿಯ ಬೇವಿನ ಎಲೆ ಕೆಂಪಾಗಿತ್ತು, ಹತ್ತಿಯ ಬಿಳಿ ಕೆಂಪಾಗಿತ್ತು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಬಂತು, ಅದೇ ತಿಂಗಳು ಸುಪ್ರೀಂ ಕೋರ್ಟ್ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಆಮೇಲೆ ಮಿತಿ ಹಾಕಿ, ಕಟ್ಟಳೆ ಮಾಡಿ ಮತ್ತೆ ಶುರುವಾಯಿತು. 2024ರಲ್ಲಿ ದೇವದಾರಿ ಬೆಟ್ಟದ ಗಣಿಯ ಗದ್ದಲವೆದ್ದಾಗ ಪತ್ರಿಕೆಗಳಲ್ಲಿ ಬಂದ ಲೆಕ್ಕ ಸುಮಾರು 400 ಹೆಕ್ಟೇರ್ ಕಾಡು, 99 ಸಾವಿರ ಮರ.

ಮೇಷ್ಟ್ರು ಆ ಅಂಕಿಯ ಮೇಲೆ ಬೆರಳಿಟ್ಟು ಕೂತರು. ಮರ ಎಣಿಸಿದ್ದಾರೆ ಸರಿ, ಮರದಡಿಯ ಗಿಡ? ಸುತ್ತಳತೆ ಅಳೆಯಬಹುದಾದದ್ದಕ್ಕೆ ಮಾತ್ರ ಸರಕಾರದ ದಫ್ತರಿನಲ್ಲಿ ನಂಬರು. ಗೌರಿಹೂವಿಗೆ ಸುತ್ತಳತೆ ಎಲ್ಲಿಂದ ಬರಬೇಕು? ಹೋದ ಮರಕ್ಕೆ ಬದಲು ಬೇರೆಲ್ಲೋ ಸಸಿ ನೆಡುತ್ತಾರೆ. ಹೋದ ಕುರಿಂಜಿಗೆ, ನೆಲದ ಆರ್ಕಿಡ್ಡಿಗೆ, ಮಳೆ ಬಂದಾಗ ಹದಿನೈದು ದಿನ ಮುಖ ತೋರಿಸಿ ಮರೆಯಾಗುವ ಸಣ್ಣಪುಟ್ಟ ಹೂವಿಗೆ ಬದಲು ನೆಡುವವರನ್ನು ನಾನಂತೂ ಕಂಡಿಲ್ಲ. ಗಣಿಯ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ, ಅದನ್ನು ಹೇಳಬೇಕು. ಅಗೆಯುವ ಮೊದಲು ಮೇಲ್ಮಣ್ಣನ್ನು ಬೇರೆಯಾಗಿ ಕೆರೆದು ಇಟ್ಟು, ಕೆಲಸ ಮುಗಿದ ಜಾಗಕ್ಕೆ ಮತ್ತೆ ಹರಡಬೇಕು. ಆ ಮೇಲ್ಮಣ್ಣಿನಲ್ಲಿ ಬೀಜ, ಗಡ್ಡೆ, ಶಿಲೀಂಧ್ರ ಎಲ್ಲ ಇರುತ್ತದೆ. ಹನುಮಂತನ ಕ್ರಮಕ್ಕೆ ಸರಕಾರದ ಮೊಹರು ಎನ್ನಿ. ಆದರೆ ಎತ್ತರಕ್ಕೆ ರಾಶಿ ಹಾಕಿ ವರ್ಷಗಟ್ಟಲೆ ಬಿಟ್ಟರೆ ಒಳಗಿನ ಜೀವ ಸಾಯುತ್ತದೆ. ತೆಗೆದ ಕೂಡಲೇ ಹರಡಿದರೆ ಮಾತ್ರ ಹೂವಿನ ಆಸೆ.

ಹಾಗಾದರೆ ನಾಳೆ ಲಾರಿ ಹತ್ತಲಿರುವ ಬೆಟ್ಟದಿಂದ ಇಂದು ಒಂದು ಗಡ್ಡೆ ಕಿತ್ತರೆ ಅದು ಕಳ್ಳತನವೋ, ಜೀವ ಉಳಿಸಿದ್ದೋ? ಚಾಚಾ ಅಂದರು, ಸುಟ್ಟುಹೋಗುತ್ತಿರುವ ಮನೆಯಿಂದ ಕೂಸನ್ನು ಎತ್ತಿಕೊಂಡವನನ್ನು ಯಾರೂ ಕಳ್ಳ ಅನ್ನುವುದಿಲ್ಲ. ಮಾತು ಚೆನ್ನಾಗಿದೆ. ನನ್ನ ತಕರಾರು ಇಷ್ಟೇ. ಬೆಂಕಿ ಹತ್ತಿರುವುದು ಯಾವ ಮನೆಗೆ ಎಂದು ತೀರ್ಮಾನಿಸುವವರು ಯಾರು? ಪ್ರತಿಯೊಬ್ಬ ಮೇಷ್ಟ್ರೂ ಗುದ್ದಲಿ ಹಿಡಿದು ಹೊರಟರೆ ಲಾರಿ ಬರದ ಬೆಟ್ಟವೂ ಬರಿದಾಗುತ್ತದೆ. ಜೊತೆಗೆ, ಬಕೆಟ್ಟಿಗೆ ಬಂದ ಕುರಿಂಜಿ ಒಂಟಿ ಕುರಿಂಜಿ. ಅದರ ಬಲವಿರುವುದು ಸಾವಿರಗಟ್ಟಲೆ ಗಿಡ ಒಟ್ಟಿಗೆ ಅರಳುವುದರಲ್ಲಿ. ಉಳಿಸುವುದೇ ಆದರೆ ಬೀಜ, ಮಣ್ಣು, ಜಾಗ ಎಲ್ಲ ನೋಡಿ, ಸಸ್ಯಶಾಸ್ತ್ರದವರೂ ಅರಣ್ಯ ಇಲಾಖೆಯವರೂ ಸೇರಿ ಮಾಡಬೇಕಾದ ಕೆಲಸ. ನಮ್ಮ ಮಾಳಿಗೆ ಅದಕ್ಕೆ ಸಾಲದು. ಮೇಷ್ಟ್ರು ಇದನ್ನು ಒಪ್ಪಿದರು ಎಂದು ಹೇಳಲಾರೆ. ಆದರೆ ಕುರಿಂಜಿಯ ಮಾತು ಬಿಟ್ಟರು.

ಬಿಟ್ಟು ಹಿಡಿದದ್ದು ಕನಕಾಂಬರ. ನಾನು ನಕ್ಕೆ. ದುರ್ಗಮ್ಮನ ಗುಡಿಯ ಮುಂದೆ ಮೊಳದ ಲೆಕ್ಕದಲ್ಲಿ ಮಾರುವ ಹೂವು ಯಾವ ಸೀಮೆಯ ಕಾಡುಹೂವು? ಮೇಷ್ಟ್ರು ಪಾಠಕ್ಕೆ ನಿಂತರು. ಕನಕಾಂಬರ ಮೂಲತಃ ದಕ್ಷಿಣ ಭಾರತ ಮತ್ತು ಶ್ರೀಲಂಕಾದ ಕಾಡಿನ, ಮರಗಳಡಿಯ ನೆರಳಿನ ಗಿಡ. ಅದೂ ಕುರಿಂಜಿಯೂ ಬೇಲಿಯ ಮುಳ್ಳುಗೋರಂಟಿಯೂ ಒಂದೇ ಕುಟುಂಬ. ಒಬ್ಬ ದಾಯಾದಿ 12 ವರ್ಷಕ್ಕೊಮ್ಮೆ ಬೆಟ್ಟದಲ್ಲಿ ಮುಖ ತೋರಿಸಿದರೆ ಇನ್ನೊಬ್ಬ ವರ್ಷವಿಡೀ ಹೆಣ್ಣುಮಕ್ಕಳ ಜಡೆಯಲ್ಲಿ. ವಾಸನೆಯಿಲ್ಲದ ಈ ಹೂವು ಅಷ್ಟು ಗೆದ್ದದ್ದು ಬಣ್ಣದಿಂದ, ಮತ್ತು ಕಿತ್ತ ಮೇಲೂ ಬೇಗ ಬಾಡದ ಗುಣದಿಂದ. ಮಲ್ಲಿಗೆಯ ಜೊತೆ, ಮರುಗದ ಜೊತೆ ಕಟ್ಟಿದರೆ ಘಮದ ಕೊರತೆಯೂ ಗೊತ್ತಾಗುವುದಿಲ್ಲ. ಪೇಟೆಯ ದಿಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ. ಅದರ ವರ್ಣತಂತು ಮೂರು ಸೆಟ್ಟಿನದ್ದು, ಕಡ್ಡಿ ನೆಟ್ಟೇ ಹಬ್ಬಿಸಬೇಕು. ಆದರೆ ಹಳೆಯ ನಾಟಿ ಕನಕಾಂಬರದ ಒಣ ತೆನೆಗೆ ಮಳೆಹನಿ ಬಿದ್ದರೆ ಕಾಯಿ ಪಟ್ಟನೆ ಸಿಡಿದು, ಒಳಗಿನ ನಾಲ್ಕು ಬೀಜ ದೂರ ಹಾರುತ್ತವೆ. ಒಂದು ಡಬ್ಬಿಯಲ್ಲಿ ನೆಟ್ಟರೆ ಮುಂದಿನ ಮಳೆಗಾಲಕ್ಕೆ ಪಕ್ಕದ ಡಬ್ಬಿಯಲ್ಲೂ, ಗೋಡೆಯ ಬಿರುಕಿನಲ್ಲೂ, ಚಾಚಾನ ಮಾಳಿಗೆಯಲ್ಲೂ ಇರುತ್ತದೆ. ಕಾಡು ಬಿಟ್ಟು ಊರಿಗೆ ಬಂದ ಹೂವು ಯಾವುದೆಂದರೆ ಇದೇ. ಹಾಗೆ ಬಂದು ಎಷ್ಟೋ ಕಾಲವಾದ್ದರಿಂದ ನಾವು ಅದನ್ನು ಕಾಡಿನದೆಂದು ಎಣಿಸುವುದನ್ನೇ ಬಿಟ್ಟಿದ್ದೇವೆ.

ಊರಿಗೆ ಬಂದವರನ್ನು ಎಣಿಸಲು ಹೊರಟರೆ ಬಳ್ಳಾರಿ ಜಾಲಿಯನ್ನು ಬಿಡುವಂತಿಲ್ಲ. ಕರ್ನಾಟಕದ ತುಂಬ ಈ ಮುಳ್ಳುಮರಕ್ಕೆ ನಮ್ಮೂರಿನ ಹೆಸರಿಟ್ಟು ಕರೆಯುತ್ತಾರೆ. ಅದರ ಊರು ಅಮೆರಿಕ ಖಂಡ. 1877ರ ಸುಮಾರಿಗೆ, ಮದ್ರಾಸ್ ಪ್ರೆಸಿಡೆನ್ಸಿಯನ್ನು ಬರಗಾಲ ತಿನ್ನುತ್ತಿದ್ದಾಗ, ಸೌದೆಯಾದರೂ ಸಿಗಲಿ ಎಂದು ಜಮೈಕಾದಿಂದ ಬೀಜ ತರಿಸಿ ಕಡಪದ ಕಡೆ ಬಿತ್ತಿದರು. ಕುರಿಮೇಕೆ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಹಂಚಿದವು. ಈಗ ನಮ್ಮ ಹಳ್ಳದ ದಂಡೆ, ಕೆರೆಯ ಅಂಗಳ, ರೈಲುಹಳಿಯ ಬದಿ ಎಲ್ಲ ಅದರದೇ. ಅದರ ಕೆಳಗೆ ಹುಲ್ಲೂ ಸರಿಯಾಗಿ ಏಳುವುದಿಲ್ಲ, ಹೂವಿನ ಮಾತು ದೂರ. ನಾಟಿ ಮಾಡಿದ ಗಿಡ ಬದುಕುವುದೊಂದೇ ಗೆಲುವಲ್ಲ ಎಂದು ನಾನು ಹೇಳುವುದು ಇದನ್ನು ನೋಡಿಯೇ.

ಬೆಟ್ಟಕ್ಕೇ ಹೋಗಬೇಕೆಂದೂ ಇಲ್ಲ. ಮಳೆ ಬಿದ್ದ ಹತ್ತು ದಿನಕ್ಕೆ ಕೌಲ್ ಬಜಾರಿನ ಯಾವುದೇ ಖಾಲಿ ನಿವೇಶನದಲ್ಲಿ ಬಗ್ಗಿ ನೋಡಿ. ತುಂಬೆ ಇರುತ್ತದೆ, ಶಿವನಿಗೆ ಪ್ರೀತಿಯ ಹೂವು. ನೆಲಕ್ಕಂಟಿದ ವಿಷ್ಣುಕ್ರಾಂತಿ ಇರುತ್ತದೆ. ಅದರ ನೀಲಿ ನಮ್ಮ ವಾಷಿಂಗ್ ಯೂನಿಟ್ಟುಗಳಲ್ಲಿ ಯಾವ ಪ್ಯಾಂಟಿಗೂ ಬಂದಿಲ್ಲ. ನೆಗ್ಗಿಲಿನ ಹಳದಿ ಹೂವು ಇರುತ್ತದೆ, ಚಪ್ಪಲಿ ಹಾಕಿಕೊಂಡೇ ನೋಡಬೇಕು. ಇವನ್ನು ನಾವು ಕಳೆ ಎಂದು ಕಿತ್ತು, ಅದೇ ಜಾಗದಲ್ಲಿ ನರ್ಸರಿಯ ಗುಲಾಬಿ ಇಡುತ್ತೇವೆ. ಮೇಷ್ಟ್ರು ಈಗ ಒಂದು ಅಗಲವಾದ ತೊಟ್ಟಿಯಲ್ಲಿ ಮಸಾರಿ ಮಣ್ಣು ತುಂಬಿ, ಏನೂ ನೆಡದೆ ಬಿಟ್ಟಿದ್ದಾರೆ. ಗಾಳಿ, ಇರುವೆ, ಗುಬ್ಬಿ ತಂದು ಹಾಕಿದ್ದು ಅದರಲ್ಲಿ ಬೆಳೆಯುತ್ತದೆ. ಬಂದವರಿಗೆ ಅದನ್ನು ತೋಟವೆಂದು ನಂಬಿಸುವುದು ಸ್ವಲ್ಪ ಕಷ್ಟ, ಅಷ್ಟೇ.

ತಂಗಡಿಯದೊಂದು ಹೇಳಿ ಬಿಡುತ್ತೇನೆ. ಆವರಿಕೆ ಎಂದರೂ ಅದೇ. ತೆಲಂಗಾಣದವರ ರಾಜ್ಯಪುಷ್ಪ, ಅವರ ಬತುಕಮ್ಮ ಹಬ್ಬಕ್ಕೆ ಬೇಕೇಬೇಕಾದ ಹಳದಿ ಹೂವು. ಹಿಂದೆ ಇದರ ತೊಗಟೆಯಿಂದ ಚರ್ಮ ಹದ ಮಾಡುತ್ತಿದ್ದರು. ಕಿತ್ತು ನೆಟ್ಟರೆ ಬದುಕುವುದು ಕಷ್ಟ, ತಾಯಿಬೇರು ಆಳಕ್ಕೆ ಇಳಿದಿರುತ್ತದೆ, ತುಂಡಾದರೆ ಮುಗಿಯಿತು. ಆದರೆ ಬೀಜ ರಾಶಿರಾಶಿ. ಸಿಪ್ಪೆ ಗಟ್ಟಿ ಇರುವುದರಿಂದ ಕುದಿಸಿ ಇಳಿಸಿದ ಬಿಸಿನೀರಿಗೆ ಹಾಕಿ, ರಾತ್ರಿಯೆಲ್ಲ ಅದರಲ್ಲೇ ಬಿಟ್ಟು, ನಿಲ್ಲಬೇಕಾದ ಜಾಗದಲ್ಲೇ ಊರಿಬಿಡಬೇಕು. ಬಕೆಟ್ಟಿನಲ್ಲಿ ಇದು ಬಾಳದು ಎಂದು ಮೇಷ್ಟ್ರು ಓಣಿಯ ಮಕ್ಕಳನ್ನು ಕರೆದುಕೊಂಡು, ರೈಲ್ವೆ ಗೇಟಿನ ಆಚೆಯ ಬೇಲಿಯುದ್ದಕ್ಕೂ ಬಿತ್ತಿಸಿದರು. ಮೊದಲ ಮಳೆಗೆ ಒಂದಷ್ಟು ಎದ್ದವು, ಮೇಕೆ ಬಾಯಿ ಹಾಕಲಿಲ್ಲ, ಹಳದಿ ಹೂವೂ ಬಂತು. ಆಮೇಲೆ ಹಳಿ ನೋಡಿಕೊಳ್ಳುವ ಗ್ಯಾಂಗಿನವರು ಜಾಲಿಯ ಜೊತೆಗೆ ತಂಗಡಿಯನ್ನೂ ಬುಡಕ್ಕೆ ಕಡಿದು ಹಾಕಿದರು. ಬುಡದಿಂದ ಮತ್ತೆ ಚಿಗುರಿತು, ಮತ್ತೆ ಕಡಿದರು. ಈಗ ಮೇಷ್ಟ್ರು ದಿನಾ ಬೆಳಗ್ಗೆ ಫ್ಲಾಸ್ಕ್ ಹಿಡಿದು ಗೇಟಿನ ಹತ್ತಿರ ಹೋಗಿ ಗ್ಯಾಂಗಿನ ಮೇಸ್ತ್ರಿಗೆ ಚಹಾ ಕುಡಿಸಿ, ಯಾವುದು ಜಾಲಿ, ಯಾವುದು ತಂಗಡಿ ಎಂದು ಗುರುತು ಹಿಡಿಯುವುದನ್ನು ಕಲಿಸುತ್ತಿದ್ದಾರೆ. ಮೇಸ್ತ್ರಿಗೆ ಚಹಾ ಹಿಡಿಸಿದೆ.